ಐದು ಸ್ಟಾರ್ ಕೊಟ್ಟಿದ್ದೀನಿ, ನಮ್ಮದೂ ಸ್ವಲ್ಪ ನೋಡಿ

ಗೇಮ್ ಜ್ಯಾಮ್‌ನಲ್ಲಿ ಗೇಮ್ ಕಟ್ಟುವುದು ಸುಲಭದ ಕೆಲಸ. ಕಟ್ಟಿದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುವುದಿದೆಯಲ್ಲ, ಅದಕ್ಕೆ ಬೇರೆಯೇ ಎದೆಗಾರಿಕೆ ಬೇಕು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಜ್ಯಾಮ್ ಶುರುವಾಗುವಾಗ ಒಂದು ಥೀಮ್ ಕೊಡುತ್ತಾರೆ. ಗಡಿಯಾರ ಓಡತೊಡಗುತ್ತದೆ. ಅದು ನಿಲ್ಲುವುದರೊಳಗೆ ಒಂದು ಗೇಮ್ ಮುಗಿಸಬೇಕು. 2002ರಲ್ಲಿ ಹುಟ್ಟಿದ ಲುಡಮ್ ಡೇರ್‌ನಲ್ಲಿ ಒಬ್ಬರೇ ಮಾಡುವವರಿಗೆ 48 ಗಂಟೆ, ತಂಡ ಕಟ್ಟಿಕೊಂಡವರಿಗೆ 72 ಗಂಟೆ. ಆಮೇಲೆ ತೀರ್ಪು ಕೊಡಲು ಹೊರಗಿನಿಂದ ಯಾರೂ ಬರುವುದಿಲ್ಲ. ಪರೀಕ್ಷೆ ಬರೆದವರೇ ಪಕ್ಕದವನ ಪೇಪರ್ ತಿದ್ದಿದ ಹಾಗೆ, ಸ್ಪರ್ಧಿಗಳೇ ಒಬ್ಬರ ಗೇಮ್ ಇನ್ನೊಬ್ಬರು ಆಡಿ ಅಂಕ ಕೊಡಬೇಕು. ಮಜಾ, ಹೊಸತನ, ಥೀಮ್, ಗ್ರಾಫಿಕ್ಸ್, ಆಡಿಯೋ, ಹಾಸ್ಯ, ಮೂಡ್, ಕೊನೆಗೆ ಒಟ್ಟಾರೆ. ನಿದ್ದೆಗೆಟ್ಟವರ ಗೇಮಿಗೆ ನಿದ್ದೆಗೆಟ್ಟವರದೇ ಫೀಡ್‌ಬ್ಯಾಕ್. ಅದೂ ಹೇಗೆ? ಪ್ರತಿಯೊಬ್ಬರ ತಲೆಯಲ್ಲೂ ಅವರವರ ಗೇಮೇ ಗಿರಗಿರ ಸುತ್ತುತ್ತಿರುವಾಗ.

ಇದರಲ್ಲಿ ಲೆಕ್ಕಾಚಾರವೂ ಇದೆ. ಲುಡಮ್ ಡೇರ್‌ನಲ್ಲಿ ಕನಿಷ್ಠ 20 ಜನ ರೇಟಿಂಗ್ ಕೊಡದಿದ್ದರೆ ನಿಮ್ಮ ಗೇಮಿಗೆ ಅಂಕವೇ ಸಿಗುವುದಿಲ್ಲ. ಇಚ್ ಡಾಟ್ ಐಒ ತಾಣದ ಜ್ಯಾಮ್‌ಗಳ ಲೆಕ್ಕ ಇನ್ನೂ ಖಡಕ್. ಯಾವ ಯಾವ ಗೇಮಿಗೆ ಎಷ್ಟೆಷ್ಟು ವೋಟು ಬಂತು ಅಂತ ಸಾಲಾಗಿ ಜೋಡಿಸಿದರೆ ನಟ್ಟನಡುವೆ ಒಂದು ಸಂಖ್ಯೆ ಸಿಗುತ್ತದಲ್ಲ, ಅದಕ್ಕಿಂತ ಕಮ್ಮಿ ವೋಟು ಬಂದವರ ಅಂಕವನ್ನು ಇಳಿಸುತ್ತಾರೆ. ಆ ನಡುವಿನ ಸಂಖ್ಯೆಯ ಕಾಲು ಭಾಗದಷ್ಟೇ ವೋಟು ಬಂದಿದ್ದರೆ ಅಂಕ ಸೀದಾ ಅರ್ಧವಾಗುತ್ತದೆ. ಇಬ್ಬರೇ ಗೆಳೆಯರಿಂದ ಐದೈದು ಸ್ಟಾರ್ ಹಾಕಿಸಿಕೊಂಡು ಮೊದಲ ಸ್ಥಾನಕ್ಕೆ ಹಾರುವವರನ್ನು ತಡೆಯಲು ಮಾಡಿದ ಉಪಾಯ ಇದು. ಒಳ್ಳೆಯದೇ. ಆದರೆ ಇದರಿಂದ ಎಲ್ಲರೂ ವೋಟು ಕೇಳಿಕೊಂಡು ಮನೆ ಮನೆ ತಿರುಗುವಂತಾಗಿದೆ.

‘ಸೂಪರ್ ಗೇಮ್! ಆರ್ಟ್ ತುಂಬಾ ಇಷ್ಟವಾಯ್ತು. ಟೈಮ್ ಸಿಕ್ಕರೆ ನಮ್ಮದೂ ಆಡಿ ನೋಡಿ.’

ಮೂರು ವಾಕ್ಯ. ಬರೆದವರಿಗೆ ಬೇಕಾಗಿರುವುದು ಮೂರನೆಯದು. ಬೂದು ಬಣ್ಣದ ಚೌಕಗಳಷ್ಟೇ ಓಡಾಡುವ ಗೇಮಿನ ಕೆಳಗೂ ‘ಆರ್ಟ್ ಇಷ್ಟವಾಯ್ತು’ ಅಂತ ಬರೆದಿದ್ದನ್ನು ನೋಡಿದ್ದೇನೆ. ಇನ್ನೊಂದು ಗೇಮಿನಲ್ಲಿ ಸೌಂಡ್ ಅನ್ನುವುದೇ ಇರಲಿಲ್ಲ, ಹಾಕಲು ಟೈಮ್ ಸಿಕ್ಕಿರಲಿಲ್ಲ. ಯಾರೋ ಪುಣ್ಯಾತ್ಮರು ‘ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಮನಸ್ಸಿಗೆ ಹಿತವಾಗಿದೆ’ ಅಂತ ಬರೆದು ಆಡಿಯೋಗೆ ನಾಲ್ಕು ಕೊಟ್ಟು ಹೋಗಿದ್ದರು. ಪಕ್ಕದ ಟ್ಯಾಬ್‌ನಲ್ಲಿ ಏನು ಓಡುತ್ತಿತ್ತೋ! ಲ್ಯಾಪ್‌ಟಾಪ್ ಫ್ಯಾನಿನ ಸದ್ದೂ ಇರಬಹುದು.

ಹೊಗಳಿದವರಿಗೆ ನಾವು ಸುಮ್ನೆ ಇರಲು ಆಗುತ್ತದಾ? ಮುಯ್ಯಿ ತೀರಿಸಬೇಕು. ಹೋಗಿ ಅವರ ಗೇಮ್ ಓಪನ್ ಮಾಡುತ್ತೇವೆ. ಎರಡು ನಿಮಿಷ ಆಡುತ್ತೇವೆ. ನಾಲ್ಕು ಒಳ್ಳೆಯ ಮಾತು ಬರೆಯುತ್ತೇವೆ. ಬ್ರೌಸರ್‌ನಲ್ಲೇ ಓಡುವ ಗೇಮ್ ಆದರೆ ಸರಿ. ಡೌನ್‌ಲೋಡ್ ಮಾಡಿ, ಜಿಪ್ ಬಿಚ್ಚಿ, ‘ಈ ಆ್ಯಪ್ ಯಾರದೋ ಗೊತ್ತಿಲ್ಲ, ಹುಷಾರು’ ಅನ್ನುವ ವಿಂಡೋಸ್‌ನ ನೀಲಿ ಪರದೆಯನ್ನು ದಾಟಿ ಆಡಬೇಕು ಅಂದರೆ ಮುಯ್ಯಿ ತೀರಿಸುವವರ ಉತ್ಸಾಹ ಅಲ್ಲೇ ಇಳಿದುಹೋಗುತ್ತದೆ. ಅದಕ್ಕೇ ಅನುಭವಸ್ಥರು ಏನಾದರೂ ಆಗಲಿ, ಬ್ರೌಸರ್ ಬಿಲ್ಡ್ ಕೊಟ್ಟುಬಿಡಿ ಅನ್ನುತ್ತಾರೆ.

ಸಲಹೆ ಕೊಡುವವರದು ಇನ್ನೊಂದು ಜಾತಿ. ಒಂದು ಜ್ಯಾಮ್‌ನಲ್ಲಿ ಒಬ್ಬ ಮಹಾಶಯ ಹಗ್ಗದ ಕೊಕ್ಕೆ ಎಸೆದು ಗೋಡೆಯಿಂದ ಗೋಡೆಗೆ ಜೋತಾಡುವ ಗೇಮ್ ಮಾಡಿದ್ದ. ಚೆನ್ನಾಗೇ ಇತ್ತು. ಆಮೇಲೆ ಆತ ಹೋದಲ್ಲೆಲ್ಲ ಕೊಕ್ಕೆ ಹಂಚುತ್ತಾ ಹೋದ. ಪ್ಲಾಟ್‌ಫಾರ್ಮ್ ಗೇಮಿಗೆ ‘ಒಂದು ಕೊಕ್ಕೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತು.’ ಕಾರ್ ರೇಸಿಗೆ ‘ತಿರುವಿನಲ್ಲಿ ಕೊಕ್ಕೆ ಹಾಕಿ ನೋಡಿ.’ ಇಸ್ಪೀಟಿನ ಗೇಮಿಗೆ, ಸ್ವಲ್ಪ ಯೋಚಿಸಿ, ‘ಎದುರಾಳಿಯ ಕಾರ್ಡನ್ನು ಎಳೆದುಕೊಳ್ಳುವ ಹಾಗೆ ಏನಾದರೂ?’ ನಗಬೇಡಿ. ನಾವೆಲ್ಲ ಮಾಡುವುದೂ ಅದನ್ನೇ. ಕಥೆ ಬರೆದವರಿಗೆ ಎಲ್ಲ ಗೇಮಿನಲ್ಲೂ ಕಥೆ ಸಾಲದು ಅನ್ನಿಸುತ್ತದೆ. ಸೌಂಡ್ ಮೇಲೆ ರಾತ್ರಿ ಕಳೆದವರಿಗೆ ಹೆಜ್ಜೆ ಸಪ್ಪಳ ಕೇಳದಿದ್ದರೆ ಊಟ ಸೇರುವುದಿಲ್ಲ. ಯಾರ ಫೀಡ್‌ಬ್ಯಾಕ್ ಓದಿದರೂ ಅರ್ಧಕ್ಕರ್ಧ ಅವರದೇ ಗೇಮಿನ ವಿಷಯ.

ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉಲ್ಟಾ ಹೇಳಿದಾಗ ಮಾತ್ರ ನಿಜವಾಗಿ ತಲೆ ಕೆಡುತ್ತದೆ. ಪರಿಚಯದ ಒಂದು ತಂಡ ದೆವ್ವ ಅಟ್ಟಿಸಿಕೊಂಡು ಬರುವ ಗೇಮ್ ಮಾಡಿತ್ತು. ಒಬ್ಬರು ಬಂದು ‘ದೆವ್ವ ತುಂಬಾ ನಿಧಾನ, ಪಾಪ ಅನ್ನಿಸುತ್ತೆ’ ಅಂದರು. ಮುಂದಿನ ಕಮೆಂಟ್: ‘ಇದನ್ನು ಮನುಷ್ಯರು ಆಡಲು ಸಾಧ್ಯವೇ ಇಲ್ಲ.’ ತಂಡದೊಳಗೆ ಎರಡು ಪಕ್ಷವಾಯಿತು. ಡಿಸೈನ್ ಮಾಡಿದವಳು ಕಷ್ಟ ಜಾಸ್ತಿ ಮಾಡೋಣ ಅಂದಳು. ಕೋಡ್ ಬರೆದವನು ಇಳಿಸೋಣ ಅಂದ. ಆಟಗಾರರ ಮನಶ್ಶಾಸ್ತ್ರದ ಬಗ್ಗೆ ರಾತ್ರಿಯಿಡೀ ಚರ್ಚೆ ನಡೆಯಿತು. ನನ್ನ ಅಭಿಪ್ರಾಯವನ್ನೂ ಕೇಳಿದರು, ನಾನೂ ಗಂಭೀರವಾಗಿ ಏನೋ ಹೇಳಿದೆ. ಬೆಳಗ್ಗೆ ಗೊತ್ತಾಯಿತು, ವ್ಯತ್ಯಾಸ ಇದ್ದದ್ದು ಮಾನಿಟರ್‌ನಲ್ಲಿ. ದೆವ್ವ ಒಂದೊಂದು ಫ್ರೇಮಿಗೆ, ಅಂದರೆ ಪರದೆ ಒಂದರ ಹಿಂದೊಂದು ತೋರಿಸುವ ಒಂದೊಂದು ಚಿತ್ರಕ್ಕೆ, ಇಷ್ಟು ಪಿಕ್ಸೆಲ್ ಮುಂದೆ ಬರಬೇಕು ಅಂತ ಬರೆದಿತ್ತು. ಎರಡು ಫ್ರೇಮ್‌ಗಳ ನಡುವೆ ಎಷ್ಟು ಸಮಯ ಹೋಯಿತು ಅನ್ನುವುದರಿಂದ ಗುಣಿಸಿರಲಿಲ್ಲ. ಹಾಗಾಗಿ ಸೆಕೆಂಡಿಗೆ 60 ಫ್ರೇಮ್ ತೋರಿಸುವ 60 ಹರ್ಟ್ಸ್ ಪರದೆಯಲ್ಲಿ ತೂಕಡಿಸುತ್ತಾ ಬರುತ್ತಿದ್ದ ದೆವ್ವ 144 ಹರ್ಟ್ಸ್ ಪರದೆಯಲ್ಲಿ 2.4 ಪಟ್ಟು ವೇಗವಾಗಿ ನುಗ್ಗುತ್ತಿತ್ತು. ಪಾಪ ಅಂದವರೂ ಸರಿ, ಸಾಧ್ಯವಿಲ್ಲ ಅಂದವರೂ ಸರಿ. ಮನಶ್ಶಾಸ್ತ್ರಜ್ಞರು ಮಲಗಲು ಹೋದರು.

ಹಾಗೆ ನೋಡಿದರೆ ಬೈಗುಳಕ್ಕಿಂತ ಹೊಗಳಿಕೆಯೇ ಜಾಸ್ತಿ ದಾರಿ ತಪ್ಪಿಸುತ್ತದೆ. ಡಬ್ಲ್ಯೂ, ಎ, ಎಸ್, ಡಿ ಕೀಗಳಿಂದ (ಕ್ರಮವಾಗಿ ಮೇಲೆ, ಎಡ, ಕೆಳಗೆ, ಬಲ) ಆಡುವ ಒಂದು ಪುಟ್ಟ ಗೇಮ್ ಇತ್ತು. ಅದಕ್ಕೆ ಹೊಸತನದಲ್ಲಿ ಐದಕ್ಕೆ ಐದು ಕೊಟ್ಟವರೊಬ್ಬರು ಉದ್ದಕ್ಕೆ ಬರೆದಿದ್ದರು: ‘ಕೆಳಕ್ಕೆ ಮತ್ತು ಬಲಕ್ಕೆ ಮಾತ್ರ ಹೋಗಬಹುದು, ಹಿಂದೆ ತಿರುಗುವ ಹಾಗೇ ಇಲ್ಲ ಅನ್ನುವ ಕಲ್ಪನೆ ಅದ್ಭುತ. ಬದುಕಿನ ಬಗ್ಗೆ ಏನೋ ಹೇಳುತ್ತಿದೆ.’ ಗೇಮಿನಲ್ಲಿ ಪಾತ್ರ ನಾಲ್ಕೂ ದಿಕ್ಕಿಗೆ ಹೋಗುತ್ತಿತ್ತು. ಬರೆದವರದು ಫ್ರೆಂಚ್ ಕೀಬೋರ್ಡ್. ಅದರಲ್ಲಿ ಡಬ್ಲ್ಯೂ ಇರಬೇಕಾದ ಕಡೆ ಜೆಡ್ ಇರುತ್ತದೆ, ಎ ಇರಬೇಕಾದ ಕಡೆ ಕ್ಯೂ. ಎಡಗೈ ಅಭ್ಯಾಸದಂತೆ ಆ ಜಾಗಕ್ಕೇ ಹೋಗಿದೆ. ಎಸ್ ಮತ್ತು ಡಿ ಎರಡೇ ಕೆಲಸ ಮಾಡಿವೆ, ಉಳಿದದ್ದು ತತ್ವಜ್ಞಾನ. ಅಕ್ಷರ ನೋಡದೆ ಕೀ ಇರುವ ಜಾಗವನ್ನು ಗುರುತಿಸುವ ವ್ಯವಸ್ಥೆ ಗೊಡೋಟ್‌ನಂಥ, ಗೇಮ್ ಕಟ್ಟಲು ಬಳಸುವ ಎಂಜಿನ್‌ಗಳಲ್ಲಿ ಇದೆ. ಬಾಣದ ಕೀಗಳನ್ನೂ ಜೊತೆಗೆ ಕೊಟ್ಟರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಆದರೆ ಗೇಮ್ ಮಾಡಿದಾಕೆಗೆ ಧರ್ಮಸಂಕಟ. ಸರಿ ಮಾಡಿದರೆ ಆ ಐದು ಸ್ಟಾರಿನ ಗತಿ? ಕೊನೆಗೆ ಅವಳು ಬರೆದ ಉತ್ತರ: ‘ಧನ್ಯವಾದ. ನೀವು ಇಷ್ಟು ಆಳವಾಗಿ ನೋಡಿದ್ದು ಖುಷಿಯಾಯ್ತು.’

ಎದುರಿಗೇ ಕೂತು ಆಡಿಸುವುದು ಇನ್ನೂ ಕಷ್ಟ. ಆಡುವಾಗ ಮಾಡಿದವರು ಮಾತಾಡಬಾರದು ಅನ್ನುವುದು ಪ್ಲೇಟೆಸ್ಟಿನ ಮೊದಲ ನಿಯಮ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಎಲ್ಲಿ ಮುಖ ಕಿವುಚುತ್ತಾರೆ, ಯಾವುದನ್ನು ಓದದೆ ಮುಂದೆ ಹೋಗುತ್ತಾರೆ ಅಂತ ಸುಮ್ಮನೆ ನೋಡಬೇಕು. ಬಾಯಿ ಹೇಳದ್ದನ್ನು ಕೈ ಹೇಳುತ್ತದೆ. ಇದೆಲ್ಲ ಗೊತ್ತಿದ್ದ ಗೆಳೆಯನೊಬ್ಬ ತನ್ನ ಬಾಗಿಲು-ಬೀಗದ ಪಜಲ್ ಗೇಮನ್ನು ನನ್ನ ಮುಂದಿಟ್ಟು, ‘ನಾನು ಬಾಯಿ ಬಿಡಲ್ಲ, ನೀನು ಆಡು’ ಅಂದ.

‘ಈ ಹಳದಿ ಚುಕ್ಕೆ ಏನು?’

‘ನಾನು ಹೇಳಲ್ಲ.’ ಒಂದು ಉಸಿರು. ‘ಬೀಗದ ಕೈ ಕಣೋ ಅದು!’

ನಾನು ಎಡಕ್ಕೆ ಹೋದೆ.

‘ಅಲ್ಲಿಗೆ ಯಾರೂ ಹೋಗಲ್ಲ.’

‘ನಾನು ಹೋದೆನಲ್ಲ.’

‘ಯಾಕೆ ಹೋದೆ?’

‘ದಾರಿ ಕಾಣಿಸ್ತು.’

‘ದಾರಿ ಅಲ್ಲ ಅದು, ಡೆಕೊರೇಷನ್!’

ಹೆತ್ತವರಿಗೆ ಹೆಗ್ಗಣ ಮುದ್ದು. ಅದನ್ನು ಹೆಗ್ಗಣ ಅಂತ ಹೇಳುವ ಕೆಲಸಕ್ಕೇ ನಮ್ಮನ್ನು ಕರೆದಿರುತ್ತಾರೆ, ಹೇಳಿದರೆ ವಕಾಲತ್ತು ಶುರು. ಕಂಟ್ರೋಲ್ ಸರಿ ಇಲ್ಲ ಅಂದರೆ ಸಾಕು, ಸರ್ಜನ್ ಸಿಮ್ಯುಲೇಟರ್ ಹೆಸರು ಬರುತ್ತದೆ. ‘ಅದರಲ್ಲೂ ಕೈ ಹೇಳಿದ ಮಾತು ಕೇಳಲ್ಲ, ಜನ ಮುಗಿಬಿದ್ದು ಆಡಲಿಲ್ವಾ?’ ನಿಜ. 2013ರ ಗ್ಲೋಬಲ್ ಗೇಮ್ ಜ್ಯಾಮ್‌ನಲ್ಲಿ 48 ಗಂಟೆಯಲ್ಲಿ ಹುಟ್ಟಿದ ಗೇಮ್ ಅದು. ಒಂದೊಂದು ಬೆರಳಿಗೆ ಒಂದೊಂದು ಕೀ ಕೊಟ್ಟು, ಅಂಥ ಕೈಯಲ್ಲಿ ಆಪರೇಷನ್ ಮಾಡಿಸುತ್ತಾರೆ. ಅಲ್ಲಿ ತಡವರಿಸುವುದೇ ಆಟ. ನಮ್ಮವನ ಗೇಮಿನಲ್ಲಿ ಒಂದು ಬಾಗಿಲು ದಾಟಬೇಕಿತ್ತು ಅಷ್ಟೇ.

ಆಡುವವರು ಹೇಳುವುದೆಲ್ಲ ಸರಿ ಅಂತಲೂ ಅಲ್ಲ. ‘ನಾನು ಜಂಪ್ ಒತ್ತಿದೆ, ಹಾರಲಿಲ್ಲ’ ಅನ್ನುವ ದೂರು ಪ್ರತಿ ಜ್ಯಾಮ್‌ನಲ್ಲೂ ಇರುತ್ತದೆ. ರೆಕಾರ್ಡಿಂಗ್ ತೆಗೆದು ನೋಡಿದರೆ ಕಾಲು ಅಂಚು ಬಿಟ್ಟ ಮೇಲೆ ಒತ್ತಿರುತ್ತಾರೆ. ಸಾಕ್ಷಿ ಸಮೇತ ವಾದಿಸಿ ಗೆಲ್ಲಬಹುದು, ಗೆದ್ದ ಡೆವಲಪರ್‌ಗಳನ್ನೂ ಬಲ್ಲೆ. ಅವರ ಗೇಮನ್ನು ಮತ್ತೆ ಯಾರೂ ಆಡಲಿಲ್ಲ. ಬುದ್ಧಿವಂತರು ಅಂಚು ಬಿಟ್ಟ ಮೇಲೂ ಕೆಲವು ಫ್ರೇಮ್‌ಗಳ ತನಕ ಹಾರಲು ಬಿಡುತ್ತಾರೆ. ಕಾಯೋಟಿ ಟೈಮ್ ಅಂತ ಅದರ ಹೆಸರು. 2018ರಲ್ಲಿ ಬಂದ ಸೆಲೆಸ್ಟ್ ಗೇಮ್ ಕೂಡ ಈ ರಿಯಾಯಿತಿ ಕೊಡುತ್ತದೆ. ನಾಲ್ಕು ದಿನದಲ್ಲಿ ಕಟ್ಟಿದ ಒಂದು ಪುಟ್ಟ ಜ್ಯಾಮ್ ಗೇಮಿನಿಂದ ಬೆಳೆದದ್ದು ಅದು. ಆಡುವವರು ಹೇಳಿದ ಕಾರಣ ತಪ್ಪು, ಅವರಿಗಾದ ಬೇಸರ ನಿಜ. ಕಾರಣ ಹುಡುಕುವುದು ಮಾಡಿದವರ ಕೆಲಸ, ಬೇಸರಪಟ್ಟುಕೊಳ್ಳುವುದಷ್ಟೇ ಆಡುವವರ ಕೆಲಸ. ಅದನ್ನು ಅವರು ಚೆನ್ನಾಗಿ ಮಾಡುತ್ತಾರೆ.

ಬಾಗಿಲು-ಬೀಗದ ಗೆಳೆಯನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗಡುವಿಗೆ ಸ್ವಲ್ಪ ಮುಂಚೆ ಏನೋ ಒಂದನ್ನು ಬದಲಿಸಿ ಅಪ್‌ಲೋಡ್ ಮಾಡಿದ. ರೇಟಿಂಗ್ ಸಮಯದಲ್ಲಿ ಹಗಲೂ ರಾತ್ರಿ ಬೇರೆಯವರ ಗೇಮಿಗೆ ಕಮೆಂಟ್ ಹಾಕಿದ. ಅವನಿಗೂ ಸಾಲು ಸಾಲು ಹೊಗಳಿಕೆ ಬಂತು. ‘ಪಜಲ್ ಚೆನ್ನಾಗಿದೆ’, ‘ಲೆವೆಲ್‌ಗಳು ಹಂತ ಹಂತವಾಗಿ ಕಷ್ಟವಾಗುವುದು ಇಷ್ಟವಾಯ್ತು’, ‘ಕೊನೆ ಮನಸ್ಸು ಮುಟ್ಟಿತು.’ ಒಳ್ಳೆಯ ಸ್ಥಾನವೂ ಸಿಕ್ಕಿತು. ಎಲ್ಲ ಮುಗಿದು ಎಷ್ಟೋ ಕಾಲವಾದ ಮೇಲೆ, ಜ್ಯಾಮ್‌ಗೆ ಸಂಬಂಧವೇ ಇಲ್ಲದ ಯಾರೋ ಒಬ್ಬರು ಒಂದೇ ಸಾಲು ಬರೆದರು: ‘ಐದರಲ್ಲಿ ಮೂರನೇ ಲೆವೆಲಿನ ಬಾಗಿಲು ತೆರೆಯುವುದೇ ಇಲ್ಲ. ಮುಂದೆ ಹೋಗುವುದು ಹೇಗೆ?’

ಪರೀಕ್ಷಿಸಿ ನೋಡಿದ. ಹೌದು, ತೆರೆಯುತ್ತಿರಲಿಲ್ಲ. ಅಪ್‌ಲೋಡ್ ಆದ ದಿನದಿಂದಲೂ.

‘ಹಾಗಾದ್ರೆ ಕೊನೆ ಮನಸ್ಸು ಮುಟ್ಟಿತು ಅಂದವರು?’ ಅಂತ ಕೇಳಿದೆ.

‘ಅವರ ಗೇಮಿಗೆ ನಾನೂ ಉದ್ದಕ್ಕೆ ಬರೆದಿದ್ದೆ ಕಣೋ. ಬಾಸ್ ಫೈಟ್ ಬೊಂಬಾಟ್ ಅಂತ.’

‘ಬಾಸ್ ಫೈಟ್ ಹೇಗಿತ್ತು?’

‘ಯಾರಿಗೊತ್ತು,’ ಅಂದ. ‘ಅದು ಡೌನ್‌ಲೋಡ್ ಮಾಡೋ ಗೇಮ್.’