ಗೊಂಬೆ ಯಾರ ಮನೆಯದು?

ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಲಾಕೇಂದ್ರದಲ್ಲಿ ಚಿತ್ರ ಕೊಂಡರೆ ಜೊತೆಗೊಂದು ಚೀಟಿ ಕೊಡುತ್ತಾರೆ. ಬರೆದವರು ಯಾರು, ಯಾವ ಸೀಮೆಯವರು, ಕಥೆ ಯಾವುದು ಅಂತ ಅದರಲ್ಲಿರುತ್ತದೆ. ಒಬ್ಬರ ಪೂರ್ವಜರ ಕಥೆಯನ್ನು ಇನ್ನೊಬ್ಬರು ಸುಮ್ನೆ ಬರೆಯುವಂತಿಲ್ಲ. 1971ರಲ್ಲಿ ಮಧ್ಯ ಆಸ್ಟ್ರೇಲಿಯಾದ ಪಪುನ್ಯ ಅನ್ನುವ ಊರಿನ ಶಾಲೆಯ ಗೋಡೆ ಮೇಲೆ ಅಲ್ಲಿಯ ಗಂಡಸರು ಜೇನಿರುವೆಯ ಕಥೆ ಬಿಡಿಸಿದರು. ಮುಂದೆ ಹೊರಗಿನವರು ನೋಡಬಾರದ ಗುರುತುಗಳೂ ಹಲಗೆಗೆ ಬಂದಾಗ ತಕರಾರು ಎದ್ದಿತು. ಆಮೇಲೆ ಆ ಗುರುತುಗಳ ಮೇಲೆ ತುಂಬಿದ ಚುಕ್ಕಿಗಳೇ ಎಷ್ಟೋ ಗುಟ್ಟು ಮುಚ್ಚಿದವು.

ಮಂಡ್ಯ ಕಡೆಯವನಾದ ನನಗೆ ತಕ್ಷಣ ನೆನಪಾಗುವುದು ತೊಗಲು ಗೊಂಬೆ. ಈ ಗೊಂಬೆ ಆಡಿಸುವ ಶಿಳ್ಳೇಕ್ಯಾತರ ಮನೆಗಳಲ್ಲಿ ಗೊಂಬೆ ಪೆಟ್ಟಿಗೆ ತಲೆಮಾರಿನಿಂದ ಬರುವ ಆಸ್ತಿ. ಆಡಿನ ತೊಗಲು ನೆನೆಸಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡುತ್ತಾರೆ. ರಾಮನ ಕಿರೀಟದ ಕುಸುರಿ, ಸೀತೆಯ ಸರದ ಮಣಿ, ಎಲ್ಲ ಉಳಿಯಲ್ಲಿ ಕೊರೆದ ತೂತು. ಹಿಂದೆ ದೀಪ ಹಚ್ಚಿದರೆ ಆ ತೂತೇ ಒಡವೆ! ಮಳೆ ಕೈಕೊಟ್ಟ ವರ್ಷ ಊರವರೇ ಕರೆಸಿ ಆಡಿಸುತ್ತಿದ್ದರು. ಹರಿದ ಗೊಂಬೆಯನ್ನು ಕಸಕ್ಕೆ ಹಾಕುವ ಪದ್ಧತಿಯಿಲ್ಲ, ಪೂಜೆ ಮಾಡಿ ಹೊಳೆಗೆ ಬಿಡುತ್ತಾರೆ.

ಅದೇ ಗೊಂಬೆ ಈಗ ಹೋಟೆಲುಗಳ ಗೋಡೆ ಮೇಲೆ, ಗಾಜಿನೊಳಗೆ. 'ತುಂಬಾ ಹಳೇದು ಸಾರ್' ಅಂತಾರೆ. ಯಾರ ಪೆಟ್ಟಿಗೆಯದು ಅಂದರೆ ಮುಖ ಮುಖ ನೋಡುತ್ತಾರೆ. ಜಾನಪದ ಎಲ್ಲರ ಸ್ವತ್ತು ಅನ್ನುವುದು ಕೇಳಲು ಚೆಂದ. ಪೆಟ್ಟಿಗೆ ಹೊತ್ತು ಊರೂರು ಅಲೆದು ರಾತ್ರಿಯಿಡೀ ಆಡಿಸಿದವರು ಎಲ್ಲರೂ ಅಲ್ಲವಲ್ಲ?

ಆಸ್ಟ್ರೇಲಿಯಾ ಸಾಚಾ ಅಂತ ನಾನು ಹೇಳುತ್ತಿಲ್ಲ. ನೆಲ ಕಿತ್ತುಕೊಂಡವರ ಮೊಮ್ಮಕ್ಕಳೇ ಇವತ್ತು ಚಿತ್ರ ಕೊಳ್ಳುವವರು. ಪ್ರವಾಸಿಗರ ಅಂಗಡಿಗಳಲ್ಲಿ ನಕಲಿ ಬೂಮರಾಂಗುಗಳ ರಾಶಿ ಬಿದ್ದಿರುತ್ತದೆ. ಆದರೂ 1994ರ ಕಾರ್ಪೆಟ್ ಕೇಸು ನನಗೆ ದೊಡ್ಡದಾಗಿ ಕಾಣುತ್ತದೆ. ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಕೇಳದೆ ಕದ್ದು, ವಿಯೆಟ್ನಾಂನಲ್ಲಿ ಕಾರ್ಪೆಟ್ಟಿಗೆ ನೇಯಿಸಿ ಮಾರಿದ್ದರು. ಪವಿತ್ರ ಕಥೆ ಕಾಲಡಿಗೆ ಬಿತ್ತು. ತಪ್ಪು ಬೇರೆಯವರದಾದರೂ ಕುಲದ ಮುಂದೆ ತಲೆ ತಗ್ಗಿಸಬೇಕಾದವರು ಚಿತ್ರ ಬರೆದವರು. ಕೋರ್ಟು ಆ ನೋವನ್ನೂ ಲೆಕ್ಕಕ್ಕೆ ಹಿಡಿದು ಪರಿಹಾರ ಕೊಟ್ಟಿತು.

ನಮ್ಮಲ್ಲಿ ಮೈಸೂರು ಚಿತ್ರಕಲೆಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಕಾನೂನು ಮಾನ್ಯತೆ ಇದೆ. ಅದು ಕಾಯುವುದು ಊರಿನ ಹೆಸರನ್ನು, ಒಂದು ಮನೆತನದ ಹಕ್ಕು ಅದರ ಲೆಕ್ಕಕ್ಕೆ ಬರುವುದಿಲ್ಲ. ಮೈಸೂರಿನ ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಗೊಂಬೆಗಳನ್ನು ಕಾಪಿಟ್ಟದ್ದು ಒಳ್ಳೆಯದೇ, ಇಲ್ಲದಿದ್ದರೆ ಎಷ್ಟೋ ಜನಕ್ಕೆ ನೋಡಲೂ ಸಿಗುತ್ತಿರಲಿಲ್ಲ. ನನ್ನ ಜಗಳ ಇರುವುದು ಗೋಡೆ ಅಲಂಕಾರಕ್ಕೆ ಕೊಳ್ಳುವ ನಮ್ಮಂಥವರ ಜೊತೆ. ಚೌಕಟ್ಟಿನ ಕೆಳಗೆ ಊರು, ಮನೆತನ, ಮಾಡಿದವರ ಹೆಸರು ಬರೆಸಿ. ಕೊಳ್ಳುವ ಮುಂಚೆ ಆಟದವರನ್ನೇ ಕೇಳಿ, ಮಾರಾಟಕ್ಕೆ ಯಾವುದು, ಹೊಳೆಗೆ ಯಾವುದು ಅಂತ.