ಮೊದಲು ಗಾಡಿ ಓಡಿಸಿ ನೋಡ್ರಿ, ಆಮೇಲೆ ಬಿಚ್ರಿ

ದಾವಣಗೆರೆಯಲ್ಲಿ ಗ್ಯಾರೇಜಿಗೇನೂ ಬರವಿಲ್ಲ. ಪಿ.ಬಿ. ರಸ್ತೆಯಲ್ಲೂ ಇವೆ, ಒಳಗಿನ ಗಲ್ಲಿಗಳಲ್ಲೂ ಇವೆ. ಆದರೆ ಗಾಡಿ ಸದ್ದು ಮಾಡುತ್ತಿದೆ ಅಂತ ಹೋದರೆ, ಒಂದು ರೌಂಡ್ ಓಡಿಸಿ ಕೇಳೋಣ ಅನ್ನುವವರು ಸಿಗಲ್ಲ. ನಿಂತಲ್ಲೇ ಸ್ಟಾರ್ಟ್ ಮಾಡಿಸುತ್ತಾರೆ. ಎರಡು ಸಲ ರೇಸ್ ಕೊಡುತ್ತಾರೆ. "ವೀಲ್ ಬೇರಿಂಗ್ ಹೋಗೈತ್ರಿ ಸರ್" ಅಂತ ಹೇಳಿ ಜಾಕ್ ಏರಿಸುತ್ತಾರೆ. ಅಲ್ರೀ, ನಿಂತ ಗಾಡಿಯಲ್ಲಿ ಚಕ್ರ ತಿರುಗುತ್ತಾ? ಚಕ್ರ ತಿರುಗದೇ ಅದರ ಬೇರಿಂಗ್ ಹೇಗೆ ಕೂಗುತ್ತೆ?

ನಮ್ಮದು 2008ರ ಜೀಪು. ಹಿಂದಿನ ಚಕ್ರಕ್ಕೆ ಎಳೆತ ಇರುವ ಗಾಡಿ. ಎಂಜಿನ್, ಗೇರ್ ಬಾಕ್ಸ್, ಅಲ್ಲಿಂದ ಉದ್ದದ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್ಲಿನ ಹೌಸಿಂಗ್ ಒಳಗೆ ಕ್ರೌನ್ ಮತ್ತು ಪಿನಿಯನ್, ಅಂದರೆ ಶಾಫ್ಟಿನ ತಿರುಗಾಟವನ್ನು ಚಕ್ರಗಳಿಗೆ ದಾಟಿಸುವ ದೊಡ್ಡ ಮತ್ತು ಸಣ್ಣ ಹಲ್ಲಿನ ಗೇರ್. ವಯಸ್ಸಾಗಿದೆ, ನಿಜ. ಆದರೆ ಅಮ್ಮನ ಆಸ್ಪತ್ರೆ, ಭರಮಸಾಗರದ ಹತ್ತಿರದ ಹೊಲ, ಮೆಕ್ಕೆಜೋಳದ ಬೀಜ ಗೊಬ್ಬರ, ಎಲ್ಲಕ್ಕೂ ಇದೇ ಗಾಡಿ. ಅದರ ಮೇಲೆ ನನಗೆ ಯಾವ ದೂರೂ ಇಲ್ಲ.

ಸದ್ದಿನ ವಿಷಯಕ್ಕೆ ಬರುತ್ತೇನೆ. ಊರೊಳಗೆ ಏನೂ ಇಲ್ಲ. ಹೈವೇ ಹತ್ತಿ ಚಿತ್ರದುರ್ಗದ ಕಡೆ ಹೊರಟು, ಆನಗೋಡು ಹತ್ತಿರ ಸ್ಪೀಡ್ 60 ದಾಟಿತು ಅಂದರೆ ಹಿಂದಿನ ಸೀಟಿನ ಕೆಳಗಿಂದ ಕುಂಯ್ ಅಂತ ಶುರು. 75ಕ್ಕೆ ಹೋದರೆ ಒಳಗೆ ಕೂತವರು ಮಾತಾಡೋದೇ ಕಷ್ಟ. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಕಾಲು ತೆಗೆದ ತಕ್ಷಣ ಇನ್ನೊಂದು ಥರ. ನೇರ ರಸ್ತೆಯಲ್ಲಿ ಗೇರ್ ನ್ಯೂಟ್ರಲ್‌ಗೆ ತಂದು ಎಂಜಿನ್ ಐಡಲ್‌ಗೆ ಇಳಿದರೂ ಸದ್ದು ಪೂರ್ತಿ ನಿಲ್ಲಲ್ಲ. ಗಾಡಿಯ ಸ್ಪೀಡ್ ಇಳಿದ ಹಾಗೆ ಅದೂ ಇಳಿಯುತ್ತೆ. ಅಂದರೆ ಎಂಜಿನ್ನಿಗೂ ಇದಕ್ಕೂ ಸಂಬಂಧವಿಲ್ಲ. ಚಕ್ರದ ಜೊತೆ ತಿರುಗುವ ಯಾವುದೋ ಸಾಮಾನು ಕೂಗುತ್ತಿದೆ. ಇಷ್ಟು ತಿಳಿಯೋಕೆ ಯಾವ ಮೆಷಿನ್ನೂ ಬೇಡ, ಸ್ಕ್ಯಾನರ್ರೂ ಬೇಡ. ಕಿವಿ ಸಾಕು.

ಮೊದಲ ಗ್ಯಾರೇಜಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಅರ್ಧ ಮಾತಿನಲ್ಲೇ "ಗೊತ್ತಾತು ಬಿಡ್ರಿ ಸರ್" ಅಂದರು. ಹಿಂದಿನ ಎರಡೂ ಚಕ್ರದ ಬೇರಿಂಗ್ ಹೊಸದು ಬಂತು, ಬಿಲ್ಲೂ ಬಂತು. ಸದ್ದು ಹಾಗೇ ಇತ್ತು. ಚಕ್ರದ ಬೇರಿಂಗ್ ಹೋಗಿದ್ದರೆ ತಿರುವಿನಲ್ಲಿ ಗೊತ್ತಾಗುತ್ತೆ. ಗಾಡಿ ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರದ ಮೇಲೆ ಬೀಳುತ್ತೆ, ಎಡಗಡೆ ಬೇರಿಂಗ್ ಕೆಟ್ಟಿದ್ದರೆ ಆಗ ಜೋರಾಗುತ್ತೆ. ನನ್ನ ಗಾಡಿಯಲ್ಲಿ ಯಾವ ತಿರುವಿಗೂ ಏನೂ ವ್ಯತ್ಯಾಸ ಇರಲಿಲ್ಲ. ಇದನ್ನೂ ಹೇಳಿದ್ದೆ! ತೆಗೆದ ಹಳೇ ಬೇರಿಂಗ್ ಕೊಡಿ ಅಂದರೆ ಗುಜರಿಗೆ ಹಾಕಿದ್ವಿ ಅಂದರು. ಅದು ಕೆಟ್ಟಿತ್ತೋ ಚೆನ್ನಾಗಿತ್ತೋ ಈಗ ಯಾರನ್ನು ಕೇಳೋದು?

ಎರಡನೇ ಕಡೆ "ಟೈರ್ ಸವದಾವ್ರಿ" ಅಂದರು. ಟೈರ್ ಸದ್ದಾದರೆ ಡಾಂಬರ್ ಬಿಟ್ಟು ಕಾಂಕ್ರೀಟ್ ರಸ್ತೆಗೆ ಇಳಿದಾಗ ಬದಲಾಗಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣಕ್ಕೆ ಟೈರಿನ ರಾಗ ಬದಲಾಗುತ್ತಾ? ಮೂರನೆಯವರಂತೂ ಗೇರ್ ಬಾಕ್ಸೇ ಇಳಿಸಬೇಕು ಅಂತ ಕೂತರು. ಗೇರ್ ಬಾಕ್ಸಿನ ಮೊದಲ ಬೇರಿಂಗ್ ಹೋಗಿದ್ದರೆ ನಿಂತ ಗಾಡಿಯಲ್ಲೂ ನ್ಯೂಟ್ರಲ್‌ನಲ್ಲಿ ಸದ್ದು ಇರುತ್ತೆ, ಕ್ಲಚ್ ಒತ್ತಿದರೆ ನಿಲ್ಲುತ್ತೆ. ಕ್ಲಚ್ ಒತ್ತಿದಾಗಲೇ ಶುರುವಾದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್. ಎರಡೂ ಇಲ್ಲ ಅಂತ ಎದುರಿಗೇ ತೋರಿಸಿದೆ. "ಹಳೇ ಗಾಡಿ ಅಲ್ರಿ ಸರ್, ಮಾರಿಬಿಡ್ರಿ" ಅಂದರು. ಹಳೇದು ಅಂದ ಮಾತ್ರಕ್ಕೆ ಅದರ ಕಾಯಿಲೆಗೆ ಕಾರಣ ಇರಲ್ವಾ?

ಕೊನೆಗೆ ದುರ್ಗದಲ್ಲಿ ಲಾರಿ ಹೌಸಿಂಗ್ ಕೆಲಸ ಮಾಡುವ ಒಬ್ಬರು ಪಕ್ಕದಲ್ಲಿ ಕೂತು ಹೈವೇಗೆ ಬಂದರು. ವಾಪಸ್ ಬರುವಾಗ ಒಂದೇ ಪ್ರಶ್ನೆ ಕೇಳಿದರು: "ಪಿನಿಯನ್ ಸೀಲ್ ಏನಾದ್ರೂ ಹಾಕ್ಸಿದ್ರಾ?"

ಹಾಕಿಸಿದ್ದೆ. ಹೌಸಿಂಗ್ ಮುಂದೆ ಆಯಿಲ್ ಜಿನುಗುತ್ತಿತ್ತು ಅಂತ ದಾವಣಗೆರೆಯಲ್ಲೇ ಹಾಕಿಸಿದ್ದು. ಸದ್ದು ಶುರುವಾಗಿದ್ದು ಅದಾದ ಮೇಲೇ. ಇದನ್ನೂ ಎಲ್ಲ ಕಡೆ ಹೇಳಿದ್ದೆ, ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ಆ ಸೀಲ್ ಬದಲಿಸಬೇಕಾದರೆ ಪಿನಿಯನ್ ತುದಿಯ ದೊಡ್ಡ ನಟ್ ಬಿಚ್ಚಬೇಕು. ಒಳಗೆ ಎರಡು ಟೇಪರ್ ಬೇರಿಂಗ್. ಈ ಗಾಡಿಯಲ್ಲಿ ಅವುಗಳ ನಡುವೆ ತೆಳು ಕೊಳವೆಯಂಥ ಸ್ಪೇಸರ್ ಇದೆ. ನಟ್ ಬಿಗಿದಷ್ಟೂ ಅದು ಕುಗ್ಗುತ್ತೆ, ಬೇರಿಂಗಿಗೆ ಎಷ್ಟು ಬಿಗಿ ಬೇಕು ಅನ್ನೋದು ಅದರಿಂದಲೇ ನಿಲ್ಲುತ್ತೆ. ಒಮ್ಮೆ ಜಾಸ್ತಿ ಕುಗ್ಗಿದರೆ ಮುಗೀತು, ಬೇರಿಂಗ್ ಅತಿ ಬಿಗಿಯಾಗಿ ಸವೆಯುತ್ತೆ, ನಟ್ ಸಡಿಲ ಮಾಡಿದರೂ ಮೊದಲಿನ ಹಾಗೆ ಆಗಲ್ಲ, ಹೊಸ ಸ್ಪೇಸರೇ ಬೇಕು. ಅದಕ್ಕೇ ಬಿಚ್ಚುವ ಮೊದಲು ನಟ್ಟಿಗೂ ಶಾಫ್ಟಿಗೂ ಗುರುತು ಹಾಕಿಕೊಂಡು, ಎಷ್ಟು ಸುತ್ತು ಬಿಚ್ಚಿದ್ದು ಅಂತ ಎಣಿಸಿಕೊಳ್ಳುತ್ತಾರೆ. ನಮ್ಮ ಗಾಡಿಗೆ ಏನು ಮಾಡಿದರು? ಏರ್ ಗನ್ ಹಿಡಿದು ಗರ್ರ್ ಅಂತ ಬಿಗಿದರು. ನಾನು ಅಲ್ಲೇ ನಿಂತಿದ್ದೆ, ಗುರುತು ಹಾಕಿದ್ದು ಕಾಣಲಿಲ್ಲ. ದುರ್ಗದವರು ಪ್ರೊಪೆಲ್ಲರ್ ಶಾಫ್ಟ್ ಬಿಡಿಸಿ, ಅದು ಕೂರುವ ಪಿನಿಯನ್ ತುದಿಯ ಫ್ಲೇಂಜ್ ಹಿಡಿದು ಕೈಯಲ್ಲಿ ತಿರುಗಿಸಿ ಅಂದರು. ತಿರುಗಿಸಿದೆ. ನುಣ್ಣಗೆ ತಿರುಗಬೇಕಾದ್ದು ಬಿಗಿಯಾಗಿತ್ತು, ಒಳಗೆ ಮರಳು ಸಿಕ್ಕಿದ ಹಾಗೆ ತರಿತರಿ. ಆಯಿಲ್ ಇಳಿಸಿದಾಗ ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಚೂರು ಅಂಟಿತ್ತು. ಸಣ್ಣ ಪುಡಿ ಇರೋದು ಮಾಮೂಲು. ಇದು ಬೆರಳಿಗೆ ಚುಚ್ಚುವ ಚೂರು.

ಸೀಲ್ ಹಾಕಿದವರನ್ನು ಕೇಳೋಕೆ ಹೋದೆ. ಏನು ಹೇಳಿದರು ಗೊತ್ತಾ? "140 ನಂಬರ್ ಆಯಿಲ್ ಹಾಕಿ ಕೊಡ್ತೀನ್ರಿ, ಸೌಂಡ್ ಕೇಳ್ಸಂಗಿಲ್ಲ." 90 ನಂಬರ್ ಹಾಕಬೇಕಾದ ಕಡೆ ಗಟ್ಟಿ ಆಯಿಲ್ ಸುರಿದರೆ ಸದ್ದೇನೋ ಕಮ್ಮಿ ಆಗಬಹುದು. ಬೇರಿಂಗ್ ಮಾತ್ರ ಒಳಗೊಳಗೇ ಪುಡಿಯಾಗುತ್ತಾ ಹೋಗುತ್ತೆ. ಹಿಂದಿನ ಸೀಟಿನಲ್ಲಿ ನಮ್ಮಮ್ಮ ಕೂತಿರುತ್ತಾರೆ. ಹೈವೇಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಪಿನಿಯನ್ ಜಾಮ್ ಆಗಿ ಚಕ್ರ ಹಿಡಿದುಕೊಂಡರೆ ಯಾರು ಜವಾಬ್ದಾರಿ?

ಈಗ ಪಿನಿಯನ್ ಬೇರಿಂಗ್ ಎರಡೂ ಹೊಸದು, ಸ್ಪೇಸರ್ ಹೊಸದು, ಸೀಲ್ ಮತ್ತೆ ಹೊಸದು. ಕ್ರೌನ್ ಪಿನಿಯನ್ ಹಲ್ಲಿಗೆ ಬಣ್ಣ ಹಚ್ಚಿ ಗುರುತು ಎಲ್ಲಿ ಬೀಳುತ್ತೆ ಅಂತ ನೋಡಿದರು. ಹಲ್ಲು ಉಳಿದಿದೆ, ಸೆಟ್ ಬದಲಿಸೋದು ತಪ್ಪಿತು. ತೆಗೆದ ಬೇರಿಂಗನ್ನೂ ಕುಗ್ಗಿದ ಸ್ಪೇಸರನ್ನೂ ಕೇಳಿ ಇಸ್ಕೊಂಡಿದ್ದೇನೆ. ಬಿಲ್ಲುಗಳೆಲ್ಲ ಜೊತೆಗಿವೆ. ಸೋಮವಾರ ಸೀಲ್ ಹಾಕಿದ ಗ್ಯಾರೇಜಿನ ಟೇಬಲ್ ಮೇಲೆ ಇವನ್ನೆಲ್ಲ ಇಟ್ಟು ದುಡ್ಡು ಕೇಳುತ್ತೇನೆ. ಕೊಡಲ್ಲ ಅಂದರೆ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತೇನೆ.