ಪ್ರೊಸೆಸರ್ ಹೋಗೈತಿ ಅನ್ನೂಕಿಂತ ಮೊದ್ಲು

ಗಂಗಾವತಿಯಾಗ ನಂದೊಂದು ಸಣ್ಣ ಡಿಟಿಪಿ ಅಂಗಡಿ ಐತಿ, ಲಗ್ನದ ಆಲ್ಬಂ, ವಿಡಿಯೋ, ಫ್ಲೆಕ್ಸ್ ಡಿಸೈನ್ ಮಾಡ್ತೀನಿ. ಈ ಬ್ಯಾಸಗಿಯಾಗ ಸೀಜನ್ ಜೋರಿದ್ದಾಗನ ಸಿಸ್ಟಂ ಕೈ ಕೊಡ್ತು. ರೆಂಡರ್‌ಗೆ, ಅಂದ್ರ ಎಡಿಟ್ ಮಾಡಿದ ವಿಡಿಯೋ ಪೂರ್ತಿ ಫೈಲ್ ಮಾಡಾಕ, ಹಾಕಿದ್ರ ಮೊದ್ಲ ಐದು ನಿಮಿಷ ಚಂದ ಓಡೋದು, ಆಮ್ಯಾಲ ನಿಂತಂಗ ಆಗೋದು, ಫ್ಯಾನ್ ಮಾತ್ರ ಒದರಾಕತ್ತಿರೋದು. ರಿಪೇರಿಗೆ ಒಯ್ದೆ. ಡಬ್ಬಿ ಮುಚ್ಚಳನೂ ತಗೀಲಿಲ್ಲ, ಮ್ಯಾಲ ಕೈ ಇಟ್ಟು ನೋಡಿ "ಪ್ರೊಸೆಸರ್ ಹೋಗೈತಿ ಸರ, ಹೊಸ ಸಿಸ್ಟಂ ತಗೊಂಡ್ಬಿಡ್ರಿ" ಅಂದ್ರು. ಲಗ್ನದ ಆರ್ಡರ್ ನಂಬಿ ಮನಿ ನಡಸೋನಿಗೆ ಆ ಮಾತು ಎಷ್ಟು ಭಾರ ಅಂತ ಹೇಳಿದವ್ರಿಗೆ ಗೊತ್ತಾಗಂಗಿಲ್ಲ.

ನನ್ನ ತಂಗಿ ಮಗ ಡಿಪ್ಲೊಮಾ ಓದಾಕತ್ಯಾನ. ಅವನ ಅಂದಿದ್ದು, "ಮಾವ, ರೊಕ್ಕ ಹಾಕೂಕಿಂತ ಮೊದ್ಲು ಒಂದೊಂದು ಕೋರ್ ಎಷ್ಟು ಬಿಸಿ ಆಗತೈತಿ ಬ್ಯಾರೆ ಬ್ಯಾರೆ ನೋಡೂನು" ಅಂತ. ಕೋರ್ ಅಂದ್ರ ಪ್ರೊಸೆಸರ್ ಒಳಗ ಕೆಲಸ ಮಾಡೋ ಒಂದೊಂದು ಭಾಗ.

ನಂದು ಆಫೀಸಿನ್ಯಾಗ ಇರ್ತಾವಲ್ಲ ಆ ನಮೂನಿ ಸಣ್ಣ ಡೆಸ್ಕ್‌ಟಾಪ್, ಒಳಗ ಇಂಟೆಲ್ ಐ5-8500, 2018ರ ಪ್ರೊಸೆಸರ್, 6 ಕೋರ್. ಕೋರ್ ಟೆಂಪ್ ಅಂತ ಬಿಸಿ ತೋರಸೋ ಪುಕ್ಕಟ ಸಾಫ್ಟ್‌ವೇರ್ ಐತಿ, ಹಾಕಿ ನೋಡಿದ್ವಿ. ಸುಮ್ನ ಇದ್ದಾಗ ಒಂದು 44, ಒಂದು 51, ಹಿಂಗ ಏರುಪೇರು ಇತ್ತು, ನನಗ ಎದಿ ಧಸಕ್ಕಂತು. ಅದಕ್ಕ ತಲಿ ಕೆಡಿಸಿಕೋಬ್ಯಾಡ್ರಿ ಅಂದ. ಪ್ರತಿ ಕೋರ್‌ನ್ಯಾಗ ಒಂದು ಸೆನ್ಸರ್ ಇರತೈತಿ, ಅದು ಅಳೆಯೋದು ಗರಿಷ್ಠ ಮಿತಿಗೆ ಇನ್ನೂ ಎಷ್ಟು ದೂರ ಐತಿ ಅನ್ನೋದನ್ನ, ಈ ಪ್ರೊಸೆಸರ್‌ಗೆ ಆ ಮಿತಿ 100 ಡಿಗ್ರಿ, ಮಿತಿಗೆ ಹತ್ರ ಹೋದಂಗ ಲೆಕ್ಕ ಸರಿ ಬರತೈತಿ, ತಣ್ಣಗಿದ್ದಾಗ ಅಷ್ಟು ನಂಬಾಕ ಆಗಂಗಿಲ್ಲ. ಹಂಗಾಗಿ ಪೂರ್ತಿ ಲೋಡ್ ಕೊಟ್ಟು, ಅಂದ್ರ ಭಾರೀ ಕೆಲಸ ಹಚ್ಚಿ, ನೋಡಬೇಕು.

ರೆಂಡರ್ ಹಾಕಿದ್ವಿ. ನಾಕು ಕೋರ್ 78, 80ರಾಗ ನಿಂತ್ವು. ಉಳಿದ ಎರಡು 98, 99! ಆ ಎರಡು ಮಿತಿ ಮುಟ್ಟಿದ ಕೂಡ್ಲೆ ಪ್ರೊಸೆಸರ್ ತನ್ನನ್ನ ತಾನು ಉಳಿಸಿಕೊಳ್ಳಾಕ ಸ್ಪೀಡ್ ಇಳಿಸತೈತಿ, ಉಳಿದ ನಾಕೂ ಅವುಗಳ ಜೊತಿಗೆ ಕುಂಟತಾವು. ಸತ್ತಿರಲಿಲ್ಲ ಅದು, ಜೀವ ಉಳಿಸಿಕೊಳ್ಳಾಕತ್ತಿತ್ತು.

ನಮ್ಮೂರಾಗ ರೈಸ್ ಮಿಲ್ ಎಷ್ಟದಾವ ನಿಮಗ ಗೊತ್ತು, ಹೊಟ್ಟಿನ ಬೂದಿ ಹಾರಿ ಬಂದು ಎಲ್ಲಾದ್ರಾಗೂ ಕುಂದರತೈತಿ. ಮೊದ್ಲ ಬ್ಲೋವರ್ ಹಿಡಿದು ಧೂಳ ಹೊಡದ್ವಿ. ಲೋಡ್ ಇದ್ದಾಗ ಎಲ್ಲಾ ಕೋರ್ 4-5 ಡಿಗ್ರಿ ಇಳದ್ವು, ಆದ್ರ ನಡುವಿನ ಅಂತರ ಹಂಗ 20ರ ಹತ್ರ ಉಳೀತು. ಇಲ್ಲೇ ನನಗ ತಿಳಿದಿದ್ದು. ಎಲ್ಲಾ ಕೋರ್ ಒಂದ ಸಮ ಬಿಸಿ ಆದ್ರ ಮೊದ್ಲ ಗಾಳಿ ಕಡೆ ನೋಡಬೇಕು, ಧೂಳು, ಫ್ಯಾನ್, ಡಬ್ಬಿ ಇಟ್ಟ ಜಾಗ. ಒಂದೆರಡ ಕೋರ್ ಸುಡಾಕತ್ತಿದ್ರ ಕೂಲರ್, ಅಂದ್ರ ಪ್ರೊಸೆಸರ್ ಮ್ಯಾಲ ಕುಂತು ಬಿಸಿ ಎಳಕೊಳ್ಳೋ ಭಾಗ, ಪ್ರೊಸೆಸರ್‌ಗೆ ಸರಿ ತಾಗಿಲ್ಲ ಅಂತ ಅನುಮಾನ ಪಡಬೇಕು. ಹುಡುಗ ಇನ್ನೊಂದು ಪರೀಕ್ಷೆ ಮಾಡಿದ, ಟಾಸ್ಕ್ ಮ್ಯಾನೇಜರ್‌ನ್ಯಾಗ ಅಫಿನಿಟಿ ಅಂತ ಇರತೈತಿ, ಅದರಿಂದ ಕೆಲಸಾನ ಒಂದೊಂದ ಕೋರ್‌ಗೆ ಕೊಟ್ಟು ನೋಡಿದ, ಪ್ರತಿ ಸಲಾನೂ ಅವ ಎರಡರ ಸರದಿ ಬಂದಾಗನ ಬಿಸಿ ಜಾಸ್ತಿ ಏರತಿತ್ತು.

ಕೂಲರ್ ಬಿಚ್ಚಿದ್ವಿ. ನಾಕು ಸ್ಕ್ರೂದಾಗ ಒಂದು ಬಿಗೀನ ಇರಲಿಲ್ಲ, ಹಿಂದ ಯಾರೋ ಬಿಚ್ಚಿ ಅರ್ಧಕ್ಕ ಬಿಟ್ಟಾರ. ಪ್ರೊಸೆಸರ್‌ನಿಂದ ಕೂಲರ್‌ಗೆ ಬಿಸಿ ದಾಟಸಾಕ ನಡುವ ಹಚ್ಚೋ ಪೇಸ್ಟ್ ಒಂದು ಕಡೆ ತೆಳ್ಳಗ ಹರಡಿತ್ತು, ಆ ಸ್ಕ್ರೂ ಮಗ್ಗಲಕ್ಕ ಒಣಗಿದ ಸುಣ್ಣದಂಗ ದಪ್ಪಗ ಬಿರುಕು ಬಿಟ್ಟಿತ್ತು. ನೋಡಿ ನನಗ ಸಿಟ್ಟು ಬಂತು, ಹೇಳೀನಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನ್ಯಾಗ ಒರೆಸಿ, ಹೆಸರಕಾಳಿಗಿಂತ ಒಂದೀಟು ದೊಡ್ಡದು ಹೊಸ ಪೇಸ್ಟ್ ನಡುವ ಹಾಕಿ, ಟ್ರ್ಯಾಕ್ಟರ್ ಗಾಲಿ ನಟ್ ಬಿಗಿ ಮಾಡ್ತಾರಲ್ಲ ಹಂಗ ಎದುರಾ ಬದುರಾ ಸ್ಕ್ರೂ ಸ್ವಲ್ಪ ಸ್ವಲ್ಪ ತಿರುವಿದ್ವಿ. ಒಂದನ್ನ ಪೂರ್ತಿ ಬಿಗಿದು ಇನ್ನೊಂದಕ್ಕ ಹೋದ್ರ ಕೂಲರ್ ವಾಲತೈತಿ, ಮತ್ತ ಅದ ಕತಿ.

ಈಗ ರೆಂಡರ್‌ನ್ಯಾಗ 74ರಿಂದ 81. ಆ 7 ಡಿಗ್ರಿ ಅಂತರ ಇರ್ಲಿ, ಅದು ದೋಷ ಅಲ್ಲ. ನಡುವಿನ ಕೋರ್‌ಗೆ ಎರಡೂ ಮಗ್ಗಲದ ಬಿಸಿ ತಾಗತೈತಿ, ಸೆನ್ಸರ್‌ಗಳೂ ಒಂದಕ್ಕೊಂದು ಪೂರ್ತಿ ಕೂಡಂಗಿಲ್ಲ. ಅದನ್ನೂ ಸೊನ್ನಿ ಮಾಡ್ತೀನಿ ಅಂತ ದಿನಾ ಕೂಲರ್ ಬಿಚ್ಚಾಕ ಹೋಗಬ್ಯಾಡ್ರಿ. ಎಎಂಡಿ ಕಂಪನಿ ಪ್ರೊಸೆಸರ್ ಇದ್ದವ್ರು ಇನ್ನೂ ಹುಷಾರಿರಬೇಕು, ಅದರ ಹಳೇ ಎಎಂ4 ನಮೂನಿ ಬೋರ್ಡ್‌ನ್ಯಾಗ ಪೇಸ್ಟ್ ಅಂಟಿ ಕೂಲರ್ ಜೊತಿಗೆ ಪ್ರೊಸೆಸರ್ರ ಕಿತ್ತು ಬಂದು ಪಿನ್ ಬಾಗತಾವು, ಸಿಸ್ಟಂ ಒಂದಿಷ್ಟು ಹೊತ್ತು ಓಡಿಸಿ ಬಂದ್ ಮಾಡಿ, ಪೇಸ್ಟ್ ಬೆಚ್ಚಗಿದ್ದಾಗ ಮೆಲ್ಲಕ ಹೊರಳಿಸಿ ತಗೀಬೇಕು.

ರಿಪೇರಿ ಮಾಡೋ ಅಣ್ಣಂದ್ರಿಗೆ ಕೈ ಮುಗದು ಕೇಳ್ತೀನಿ, ಹೊಸಾದು ತಗೋರಿ ಅನ್ನೂಕಿಂತ ಮೊದ್ಲು ಲೋಡ್ ಕೊಟ್ಟು ಆ ನಂಬರ್ ಗಿರಾಕಿಗೆ ತೋರಸ್ರಿ. ಹತ್ತು ನಿಮಿಷದ ಕೆಲಸ, ಅದಕ್ಕ ಬೇಕಾದ್ರ ರೊಕ್ಕ ತಗೋರಿ, ನಾವು ಕೊಡ್ತೀವಿ.

ಹೋದ ವಾರ ಬೀಜದ ಅಂಗಡಿ ದೋಸ್ತ ತನ್ನ ಡಬ್ಬಿ ಹೊತಗೊಂಡು ಬಂದ, ಅವಂಗೂ ಅದ ಮಾತು ಹೇಳ್ಯಾರಂತ, ಪ್ರೊಸೆಸರ್ ಹೋಗೈತಿ ಅಂತ. ಲೋಡ್ ಕೊಟ್ಟು ನೋಡಿದ್ವಿ, ಎಲ್ಲಾ ಕೋರ್ ಒಂದ ಸಮ, 95, 96, 94, 95. ಸ್ಕ್ರೂಗೆ ಕೈನ ಹಚ್ಚಲಿಲ್ಲ. ಬ್ಲೋವರ್ ಹಿಡಿದ್ರ ಒಂದು ಬೊಗಸಿ ಬೂದಿ ಹೊರಗ ಬಿತ್ತು, ಚಾ ಕುಡಿದು ಡಬ್ಬಿ ಎತಗೊಂಡು ಹೋದ.